ಅತಿವಾಹಕ ತೆಳುಪದರ: ಮೈಕ್ರೋವೇವ್ ಲೋಕದಲ್ಲಿ ಅದಕ್ಕೆ ಜಾಗ ಸಿಕ್ಕಿದ್ದು ಎಲ್ಲಿ?

ಅತಿವಾಹಕದಲ್ಲಿ ವಿದ್ಯುತ್ ರೋಧ ಸೊನ್ನೆ ಎಂದು ನಾವೆಲ್ಲ ಓದಿದ್ದೇವೆ. ಬ್ಯಾಟರಿಯಿಂದ ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ ಮಟ್ಟಿಗೆ ಈ ಮಾತು ನಿಜ. ಆದರೆ ಮೊಬೈಲ್ ಟವರ್, ರೇಡಾರ್, ಉಪಗ್ರಹಗಳಲ್ಲಿ ಓಡಾಡುವ ಮೈಕ್ರೋವೇವ್ ಕರೆಂಟು ಸೆಕೆಂಡಿಗೆ ನೂರಾರು ಕೋಟಿ ಸಲ ದಿಕ್ಕು ಬದಲಿಸುತ್ತದೆ. ಅಂಥ ಕರೆಂಟಿಗೆ ಅತಿವಾಹಕವೂ ಸ್ವಲ್ಪ ತಡೆ ಒಡ್ಡುತ್ತದೆ. ಆ ಸ್ವಲ್ಪ ಎಂದರೆ ಎಷ್ಟು ಎಂಬ ಲೆಕ್ಕದ ಮೇಲೆ ಒಂದು ಉದ್ಯಮವೇ ಹುಟ್ಟಿತು, ಏಟು ತಿಂದಿತು, ಕೊನೆಗೆ ಯಾರೂ ಎಣಿಸದ ಕಡೆ ಬೇರು ಬಿಟ್ಟಿತು.

ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅತಿವಾಹಕವನ್ನು ತೆಳುಪದರವಾಗಿ ಮಾಡುವ ವಿದ್ಯೆ ಕಷ್ಟದ್ದು. ಆದರೂ ಅದನ್ನು ಹತ್ತು ಹದಿನೈದು ವರ್ಷಗಳಲ್ಲಿ ಪಳಗಿಸಲಾಯಿತು. ಮಾರಾಟದ ಹಣೆಬರಹ ಬರೆದದ್ದು ಆ ಪದರವನ್ನು ತಣ್ಣಗಿಡುವ ಖರ್ಚು. ತಂಪು ಮೊದಲೇ ಇದ್ದ ಕಡೆ ಅತಿವಾಹಕ ಸಲೀಸಾಗಿ ನೆಲೆಯೂರಿತು. ತಂಪನ್ನು ತಾನೇ ಹೊತ್ತುಕೊಂಡು ಹೋಗಬೇಕಾದ ಕಡೆ ಒದ್ದಾಡಿತು.

ಸೊನ್ನೆ ಯಾಕೆ ಸೊನ್ನೆಯಾಗಿ ಉಳಿಯುವುದಿಲ್ಲ

ಅತಿವಾಹಕದೊಳಗೆ ಎಲೆಕ್ಟ್ರಾನುಗಳು ಜೋಡಿ ಕಟ್ಟಿಕೊಂಡು ಓಡಾಡುತ್ತವೆ. ಈ ಜೋಡಿಗಳು ಎಲ್ಲಿಯೂ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಳ್ಳುವುದಿಲ್ಲ. ಆದರೆ ಎಲ್ಲ ಎಲೆಕ್ಟ್ರಾನುಗಳೂ ಜೋಡಿಯಾಗಿರುವುದಿಲ್ಲ. ತಾಪ ಸ್ವಲ್ಪ ಇದ್ದರೂ ಸಾಕು, ಕೆಲವು ಒಂಟಿಯಾಗಿಯೇ ಉಳಿಯುತ್ತವೆ. 1934ರಲ್ಲಿ ಗೋರ್ಟರ್ ಮತ್ತು ಕ್ಯಾಸಿಮಿರ್ ಎಂಬ ಡಚ್ ವಿಜ್ಞಾನಿಗಳು ಅತಿವಾಹಕವನ್ನು ಹೀಗೆ ಎರಡು ದ್ರವಗಳ ಮಿಶ್ರಣದಂತೆ ಭಾವಿಸಿ ಲೆಕ್ಕ ಹಾಕಿದರು. ಮರುವರ್ಷ ಫ್ರಿಟ್ಸ್ ಮತ್ತು ಹೈನ್ಜ್ ಲಂಡನ್ ಸಹೋದರರು ಅತಿವಾಹಕದ ಮೇಲ್ಮೈಯಲ್ಲಿ ಕರೆಂಟು ಮತ್ತು ಕಾಂತಕ್ಷೇತ್ರ ಹೇಗೆ ವರ್ತಿಸುತ್ತವೆ ಎಂಬುದಕ್ಕೆ ಸಮೀಕರಣ ಕೊಟ್ಟರು. ಮೈಕ್ರೋವೇವ್ ಎಂಜಿನಿಯರುಗಳು ಇಂದಿಗೂ ಮೊದಲ ಅಂದಾಜಿಗೆ ಇವೆರಡನ್ನೇ ಹಿಡಿಯುತ್ತಾರೆ.

ಒಂದೇ ದಿಕ್ಕಿನ ಕರೆಂಟಿನಲ್ಲಿ ಜೋಡಿಗಳು ಒಮ್ಮೆ ಹೊರಟರೆ ಸಾಕು, ಮತ್ತೆ ಯಾರೂ ತಳ್ಳಬೇಕಿಲ್ಲ. ತಳ್ಳುವ ವಿದ್ಯುತ್ ಕ್ಷೇತ್ರವೇ ಒಳಗಿಲ್ಲದ ಕಾರಣ ಒಂಟಿ ಎಲೆಕ್ಟ್ರಾನುಗಳು ಸುಮ್ನೆ ಇರುತ್ತವೆ. ಕರೆಂಟಿನ ದಿಕ್ಕು ಬದಲಾಗುತ್ತಿದ್ದರೆ ಕಥೆ ಬೇರೆ. ಜೋಡಿಗಳಿಗೂ ತೂಕವಿದೆ. ಅವನ್ನು ನಿಲ್ಲಿಸಿ, ತಿರುಗಿಸಿ, ಮತ್ತೆ ಓಡಿಸಬೇಕಾದರೆ ತಳ್ಳಲೇಬೇಕು. ಹಾಗೆ ತಳ್ಳಲು ಹುಟ್ಟುವ ವಿದ್ಯುತ್ ಕ್ಷೇತ್ರ ಒಂಟಿ ಎಲೆಕ್ಟ್ರಾನುಗಳನ್ನೂ ತಳ್ಳುತ್ತದೆ. ಅವು ಡಿಕ್ಕಿ ಹೊಡೆಯುತ್ತವೆ, ಬಿಸಿಯಾಗುತ್ತದೆ, ಸಿಗ್ನಲ್ಲಿನ ಶಕ್ತಿ ಸೋರುತ್ತದೆ. ಫ್ರೀಕ್ವೆನ್ಸಿ ಎರಡು ಪಟ್ಟಾದರೆ ತಳ್ಳುವ ಕ್ಷೇತ್ರವೂ ಎರಡು ಪಟ್ಟಾಗುತ್ತದೆ, ಸೋರಿಕೆ ನಾಲ್ಕು ಪಟ್ಟಾಗುತ್ತದೆ.

ಈ ಸೋರಿಕೆಯನ್ನು ಅಳೆಯುವ ಸಂಖ್ಯೆಗೆ ಮೇಲ್ಮೈ ರೋಧ ಎನ್ನುತ್ತಾರೆ. ಎಲ್ಲ ಲಾಭ ನಷ್ಟವೂ ಇಲ್ಲಿಂದಲೇ ಹೊರಡುವುದರಿಂದ ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. 10 ಗಿಗಾಹರ್ಟ್ಸ್‌ನಲ್ಲಿ, ಕೋಣೆಯ ತಾಪದಲ್ಲಿ, ತಾಮ್ರದ ಮೇಲ್ಮೈ ರೋಧ ಸುಮಾರು 26 ಮಿಲಿಓಮ್. ಅದೇ ಫ್ರೀಕ್ವೆನ್ಸಿಯಲ್ಲಿ, 77 ಕೆಲ್ವಿನ್ ತಾಪದಲ್ಲಿ (ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ 196 ಡಿಗ್ರಿ ಕೆಳಗೆ), ಒಳ್ಳೆಯ ಅತಿವಾಹಕ ಪದರದ್ದು ಅರ್ಧ ಮಿಲಿಓಮ್‌ಗಿಂತ ಕಡಿಮೆ. 0.4 ಎಂದು ಇಟ್ಟುಕೊಳ್ಳಿ. ವ್ಯತ್ಯಾಸ 65 ಪಟ್ಟು. ಈಗ 2 ಗಿಗಾಹರ್ಟ್ಸ್‌ಗೆ ಇಳಿಯೋಣ. ತಾಮ್ರದ ರೋಧ ಫ್ರೀಕ್ವೆನ್ಸಿಯ ವರ್ಗಮೂಲದಂತೆ ನಿಧಾನ ಇಳಿದು 11.7 ಮಿಲಿಓಮ್ ಆಗುತ್ತದೆ. ಅತಿವಾಹಕದ್ದು ವರ್ಗದಂತೆ ಕುಸಿದು 0.016ಕ್ಕೆ ಬರುತ್ತದೆ. ಈಗ ವ್ಯತ್ಯಾಸ 700 ಪಟ್ಟಿಗೂ ಜಾಸ್ತಿ! ಇನ್ನೊಂದು ಕಡೆ, 100 ಗಿಗಾಹರ್ಟ್ಸ್‌ಗೆ ಹೋದರೆ ತಾಮ್ರ 82 ಮಿಲಿಓಮ್, ಅತಿವಾಹಕ 40. ಅಲ್ಲಿ ಲಾಭ ಬರೀ ಎರಡು ಪಟ್ಟು.

ನ್ಯಾಯವಾಗಿ ಹೋಲಿಸಬೇಕೆಂದರೆ ತಾಮ್ರವನ್ನೂ 77 ಕೆಲ್ವಿನ್‌ಗೆ ತಣ್ಣಗಾಗಿಸಬೇಕು, ಅಲ್ವಾ? ಆಗ ಅದರ ಮೇಲ್ಮೈ ರೋಧ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಆಗ 10 ಗಿಗಾಹರ್ಟ್ಸ್‌ನಲ್ಲಿ ಅತಿವಾಹಕದ ಲಾಭ ಇಪ್ಪತ್ತು ಪಟ್ಟಿನ ಆಸುಪಾಸು, 100 ಗಿಗಾಹರ್ಟ್ಸ್‌ನಲ್ಲಿ ಏನೂ ಇಲ್ಲ. ಹಾಗಾಗಿ ಅಧಿಕ ತಾಪದ, ಅಂದರೆ 77 ಕೆಲ್ವಿನ್‌ನಲ್ಲೂ ಕೆಲಸ ಮಾಡುವ, ಅತಿವಾಹಕಗಳಿಗೆ ಹೇಳಿ ಮಾಡಿಸಿದ ಜಾಗ ಕೆಲವು ನೂರು ಮೆಗಾಹರ್ಟ್ಸ್‌ನಿಂದ ಹತ್ತಾರು ಗಿಗಾಹರ್ಟ್ಸ್‌ವರೆಗೆ. ಮೊಬೈಲ್ ಫೋನುಗಳು ಕೆಲಸ ಮಾಡುವುದೂ ಇದೇ ಫ್ರೀಕ್ವೆನ್ಸಿ ಪಟ್ಟಿಯಲ್ಲಿ. ಹೂಡಿಕೆದಾರರ ಕಣ್ಣು ಬಿದ್ದದ್ದು ಅಲ್ಲಿಗೇ.

77 ಎಂಬ ಸಂಖ್ಯೆ

1911ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ನೆಸ್ ಪಾದರಸದಲ್ಲಿ ಅತಿವಾಹಕತೆ ಕಂಡಾಗ ತಾಪ 4.2 ಕೆಲ್ವಿನ್ ಇತ್ತು. ಅಷ್ಟು ತಣ್ಣಗಾಗಿಸಲು ದ್ರವ ಹೀಲಿಯಂ ಬೇಕು. ಮುಂದಿನ ಎಪ್ಪತ್ತೈದು ವರ್ಷಗಳಲ್ಲಿ ಈ ಮಿತಿ ಹೆಚ್ಚು ಮೇಲೇರಲಿಲ್ಲ. 1986ರಲ್ಲಿ ಐಬಿಎಂನ ಜ್ಯೂರಿಕ್ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲರ್ ತಾಮ್ರದ ಆಕ್ಸೈಡ್ ಇರುವ ಒಂದು ಪಿಂಗಾಣಿಯಂಥ ವಸ್ತುವಿನಲ್ಲಿ 30 ಕೆಲ್ವಿನ್ ದಾಟಿದರು. 1987ರ ಆರಂಭದಲ್ಲೇ ಪಾಲ್ ಚು ಮತ್ತು ಮಾವ್-ಕುವೆನ್ ವು ಅವರ ತಂಡಗಳು ಇಟ್ರಿಯಂ, ಬೇರಿಯಂ, ತಾಮ್ರ, ಆಮ್ಲಜನಕ ಸೇರಿದ ವಸ್ತುವನ್ನು 90 ಕೆಲ್ವಿನ್ ಮೇಲೆ ಒಯ್ದವು. ವೈಬಿಸಿಓ ಎಂದು ಎಲ್ಲರೂ ಕರೆಯುವುದು ಇದನ್ನೇ. ದ್ರವ ನೈಟ್ರೋಜನ್ ಕುದಿಯುವುದು 77 ಕೆಲ್ವಿನ್‌ನಲ್ಲಿ. ಅದರೊಳಗೆ ಮುಳುಗಿಸಿದರೆ ವೈಬಿಸಿಓ ಅತಿವಾಹಕವಾಗುತ್ತದೆ.

ಶಕ್ತಿಯ ಲೆಕ್ಕದಲ್ಲಿ ಇದು ದೊಡ್ಡ ಜಿಗಿತ. 4.2 ಕೆಲ್ವಿನ್‌ನಿಂದ ಕೋಣೆಯ ತಾಪಕ್ಕೆ ಒಂದು ವ್ಯಾಟ್ ಬಿಸಿಯನ್ನು ಹೊರಹಾಕಲು, ಎಷ್ಟೇ ಒಳ್ಳೆಯ ಯಂತ್ರವಿದ್ದರೂ, ಕನಿಷ್ಠ 70 ವ್ಯಾಟ್ ಬೇಕು. 77 ಕೆಲ್ವಿನ್‌ನಿಂದಾದರೆ ಆ ಕನಿಷ್ಠ 3 ವ್ಯಾಟ್. ನಿಜವಾದ ಚಿಕ್ಕ ಯಂತ್ರಗಳು ಇದರ ಹಲವು ಪಟ್ಟು ತಿನ್ನುತ್ತವೆ. ಆದರೂ ಟವರ್ ಬುಡದಲ್ಲಿ ಒಂದು ಪೆಟ್ಟಿಗೆ ಇಟ್ಟು ನಡೆಸಬಹುದು ಎಂಬ ಆಸೆ ಹುಟ್ಟಿದ್ದು ಈ ಲೆಕ್ಕದಿಂದಲೇ.

ಅದೇ 1987ರಲ್ಲಿ ಈ ಆಸೆಯ ಮೇಲೆ ಅಮೆರಿಕದಲ್ಲಿ ಕಂಪನಿಗಳು ಹುಟ್ಟಿದವು. ಸೂಪರ್‌ಕಂಡಕ್ಟರ್ ಟೆಕ್ನಾಲಜೀಸ್, ಕಂಡಕ್ಟಸ್ ಎರಡೂ ಆ ಕಾಲದ ಕೂಸುಗಳು. ತಂತಿಯೋ ಅಯಸ್ಕಾಂತವೋ ಮಾಡುವುದಕ್ಕಿಂತ ಮೊದಲು ಮೈಕ್ರೋವೇವ್ ಸರಕಿಗೆ ಅವು ಕೈಹಾಕಿದ್ದಕ್ಕೆ ಒಂದು ಸರಳ ಕಾರಣವಿದೆ. ವೈಬಿಸಿಓ ಪಿಂಗಾಣಿಯಂತೆ ಪಟಕ್ಕನೆ ಒಡೆಯುವ ವಸ್ತು, ತಂತಿಯಾಗಿ ಎಳೆಯಲು ಬರುವುದಿಲ್ಲ. ಮೈಕ್ರೋವೇವ್ ಕರೆಂಟಿಗೆ ತಂತಿಯೇ ಬೇಡ. ಅದು ಮೇಲ್ಮೈಯಲ್ಲೇ ಹರಿಯುತ್ತದೆ. 77 ಕೆಲ್ವಿನ್‌ನಲ್ಲಿ ವೈಬಿಸಿಓ ಒಳಗೆ ಅದು ಇಳಿಯುವ ಆಳ 200ರಿಂದ 300 ನ್ಯಾನೋಮೀಟರ್. ಅರ್ಧ ಮೈಕ್ರೋಮೀಟರ್ ದಪ್ಪದ ಪದರವೊಂದಿದ್ದರೆ ಆಯಿತು. ಮೇಲಾಗಿ ಈ ಆಳ ಫ್ರೀಕ್ವೆನ್ಸಿಗೆ ತಕ್ಕಂತೆ ಬದಲಾಗುವುದಿಲ್ಲ. ಬೇರೆ ಬೇರೆ ಫ್ರೀಕ್ವೆನ್ಸಿಗಳು ಒಂದೇ ವೇಗದಲ್ಲಿ ಸಾಗುವುದರಿಂದ ಸಿಗ್ನಲ್ಲಿನ ಆಕಾರ ಕೆಡುವುದಿಲ್ಲ.

ಫಿಲ್ಟರ್ ಎಂಬ ಮೊದಲ ಸರಕು

ಮೊಬೈಲ್ ಟವರಿನ ಆಂಟೆನಾಗೆ ನಾವು ಕಳಿಸಿದ ಸಿಗ್ನಲ್ ಒಂದೇ ಬರುವುದಿಲ್ಲ. ಪಕ್ಕದ ಪಟ್ಟಿಯ ಕಂಪನಿಗಳದ್ದು, ಟಿವಿ ಪ್ರಸಾರದ್ದು, ಎಲ್ಲ ಒಟ್ಟಿಗೆ ನುಗ್ಗುತ್ತದೆ. ಬೇಕಾದ ಪಟ್ಟಿಯನ್ನು ಒಳಬಿಟ್ಟು ಉಳಿದದ್ದನ್ನು ತಡೆಯುವುದು ಫಿಲ್ಟರಿನ ಕೆಲಸ. ಮೈಕ್ರೋವೇವ್ ಫಿಲ್ಟರ್ ಎಂದರೆ ಒಂದೇ ಫ್ರೀಕ್ವೆನ್ಸಿಗೆ ಶ್ರುತಿಗೊಂಡು, ಅದಕ್ಕೆ ಮಾತ್ರ ಜೋರಾಗಿ ಮಿಡಿಯುವ ಹಲವು ಅನುರಣಕಗಳ ಸಾಲು. ಸಾಲು ಉದ್ದವಾದಷ್ಟೂ ಫಿಲ್ಟರಿನ ಅಂಚು ಚೂಪಾಗುತ್ತದೆ. ಆದರೆ ಪ್ರತಿ ಅನುರಣಕವೂ ಸ್ವಲ್ಪ ಸಿಗ್ನಲ್ ನುಂಗುತ್ತದೆ. ನುಂಗುವುದು ಎಷ್ಟು ಕಡಿಮೆಯೋ ಅಷ್ಟು ಅದರ ಕ್ಯೂ ಮೌಲ್ಯ ದೊಡ್ಡದು.

2 ಗಿಗಾಹರ್ಟ್ಸ್‌ನಲ್ಲಿ 20 ಮೆಗಾಹರ್ಟ್ಸ್ ಅಗಲದ, ಎಂಟು ಅನುರಣಕಗಳ ಫಿಲ್ಟರ್ ಮಾಡಬೇಕು ಎಂದುಕೊಳ್ಳಿ. ಸರ್ಕ್ಯೂಟ್ ಬೋರ್ಡಿನ ಮೇಲೆ ತಾಮ್ರದ ಪಟ್ಟಿಗಳಿಂದ ಮಾಡಿದರೆ ಕ್ಯೂ ಕೆಲವು ನೂರು. ಆ ಫಿಲ್ಟರ್ ದಾಟುವಷ್ಟರಲ್ಲಿ ಸಿಗ್ನಲ್ಲಿನ ಐವತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಲೋಹದ ಟೊಳ್ಳು ಡಬ್ಬಿಗಳನ್ನು ಜೋಡಿಸಿ ಮಾಡಿದರೆ ಕ್ಯೂ 5,000ಕ್ಕೆ ಏರುತ್ತದೆ. ಆಗ ಸುಮಾರು ಐದನೇ ಒಂದು ಪಾಲು ಕಳೆದುಹೋಗುತ್ತದೆ, ಫಿಲ್ಟರ್ ಮಾತ್ರ ದೊಡ್ಡ ಭಾರದ ಪೆಟ್ಟಿಗೆಯಾಗುತ್ತದೆ. ಅತಿವಾಹಕ ಪದರದ ಪಟ್ಟಿಗಳಾದರೆ ಕ್ಯೂ 50,000 ಮತ್ತು ಅದಕ್ಕೂ ಮೇಲೆ. ಅಂಗೈಯಲ್ಲಿ ಹಿಡಿಸುವ ಬಿಲ್ಲೆಯ ಮೇಲೆ ಇಡೀ ಫಿಲ್ಟರ್ ಕೂರುತ್ತದೆ, ಕಳೆದುಹೋಗುವುದು ನೂರರಲ್ಲಿ ಎರಡು ಮೂರು ಪಾಲು. ಎಂಟರ ಬದಲು ಹದಿನಾರು ಅನುರಣಕ ಹಾಕಿದರೂ ನಷ್ಟ ಅಷ್ಟೇನೂ ಕಾಣುವುದಿಲ್ಲ.

ರಿಸೀವರಿನ ಮೊದಲ ಹಂತದಲ್ಲಿ ಕಳೆದುಕೊಂಡದ್ದನ್ನು ಮುಂದೆ ಯಾವ ಆಂಪ್ಲಿಫೈಯರೂ ತಂದುಕೊಡುವುದಿಲ್ಲ. ಹರಾಲ್ಡ್ ಫ್ರಿಸ್ 1944ರಲ್ಲೇ ಇದರ ಸೂತ್ರ ಬರೆದಿದ್ದರು. ಆಂಪ್ಲಿಫೈಯರಿಗೂ ಮುಂಚೆ ಬರುವ ಫಿಲ್ಟರಿನ ನಷ್ಟ ನೇರವಾಗಿ ಗದ್ದಲವಾಗಿ ಸೇರಿಕೊಳ್ಳುತ್ತದೆ. ಅತಿವಾಹಕ ಫಿಲ್ಟರನ್ನೂ ಆಂಪ್ಲಿಫೈಯರನ್ನೂ ಒಂದೇ ತಂಪು ಪೆಟ್ಟಿಗೆಯಲ್ಲಿ ಇಟ್ಟರೆ ಎರಡರ ಗದ್ದಲವೂ ಇಳಿಯುತ್ತದೆ. ಟವರಿಗೆ ದೂರದ ಫೋನೂ ಕೇಳಿಸುತ್ತದೆ.

ಪದರ ಬೆಳೆಸುವ ಕಷ್ಟ

ವೈಬಿಸಿಓದೊಳಗೆ ಅತಿವಾಹಕತೆ ನಡೆಯುವುದು ತಾಮ್ರ ಮತ್ತು ಆಮ್ಲಜನಕದ ಸಮತಲಗಳಲ್ಲಿ. ಎಲೆಕ್ಟ್ರಾನ್ ಜೋಡಿಯ ಗಾತ್ರ ಆ ಸಮತಲದಲ್ಲಿ ಒಂದೂವರೆ ಎರಡು ನ್ಯಾನೋಮೀಟರ್, ಅಡ್ಡಕ್ಕೆ ಅದಕ್ಕಿಂತ ಎಷ್ಟೋ ಕಡಿಮೆ. ಅಂದರೆ ಕೆಲವು ಅಣುಗಳಷ್ಟು ಅಗಲದ ದೋಷವಿದ್ದರೂ ಜೋಡಿ ಮುಗ್ಗರಿಸುತ್ತದೆ. ಪದರ ನೂರಾರು ಸಣ್ಣ ಹರಳುಗಳಾಗಿ ಬೆಳೆದರೆ ಅವೆಲ್ಲ ನೆಲಕ್ಕೆ ಹಾಸಿದ ಟೈಲ್ಸಿನಂತೆ ಒಂದೇ ಸಮಕ್ಕೆ, ಒಂದೇ ದಿಕ್ಕಿಗೆ ಕೂತಿರಬೇಕು. 1988ರಲ್ಲಿ ಐಬಿಎಂನ ಡಿಮೋಸ್, ಚೌಧರಿ, ಮಾನ್ಹಾರ್ಟ್ ಮತ್ತು ಜೊತೆಗಾರರು ಎರಡು ಹರಳುಗಳ ನಡುವಿನ ಕೋನ ಹೆಚ್ಚಿದಂತೆ ಗಡಿಯನ್ನು ದಾಟುವ ಕರೆಂಟು ಹೇಗೆ ಕುಸಿಯುತ್ತದೆ ಎಂದು ತೋರಿಸಿದರು. ಅಂಥ ಗಡಿಗಳಲ್ಲಿ ಮೈಕ್ರೋವೇವ್ ನಷ್ಟವೂ ಹೆಚ್ಚುತ್ತದೆ.

ಹಾಗಾಗಿ ಪದರವನ್ನು ಯಾವುದರ ಮೇಲೆ ಬೆಳೆಸುತ್ತೇವೆ ಎಂಬುದೇ ಅರ್ಧ ಕೆಲಸ. ಕೆಳಗಿನ ಬಿಲ್ಲೆ ಒಂದೇ ಹರಳಾಗಿರಬೇಕು. ಅದರ ಅಣುಗಳ ಅಂತರ ವೈಬಿಸಿಓಗೆ ಹೊಂದಬೇಕು. 700 ಡಿಗ್ರಿ ಸೆಲ್ಸಿಯಸ್ ಸುಮಾರಿನ ಬಿಸಿಯಲ್ಲಿ ಅದು ಪದರದ ಜೊತೆ ರಾಸಾಯನಿಕವಾಗಿ ಬೆರೆಯಬಾರದು. ತಣ್ಣಗಾಗುವಾಗ ಎರಡೂ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಇಷ್ಟರ ಮೇಲೆ ಮೈಕ್ರೋವೇವ್ ಶಕ್ತಿಯನ್ನು ತಾನು ನುಂಗಬಾರದು. ಈ ಎಲ್ಲ ಗುಣ ಒಂದರಲ್ಲೇ ಸಿಗುವುದಿಲ್ಲ. ಸ್ಟ್ರಾನ್ಷಿಯಂ ಟೈಟನೇಟ್ ಮೇಲೆ ಪದರ ಸೊಗಸಾಗಿ ಬೆಳೆಯುತ್ತದೆ, ಆದರೆ ಅದರ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) ಕೋಣೆಯ ತಾಪದಲ್ಲೇ 300, ತಣ್ಣಗಾದಂತೆ ಇನ್ನೂ ಏರುತ್ತದೆ, ನಷ್ಟವೂ ಜಾಸ್ತಿ. ಮೈಕ್ರೋವೇವ್‌ಗೆ ಅದು ಬೇಡ. ಲ್ಯಾಂಥನಂ ಅಲ್ಯೂಮಿನೇಟ್ ನಷ್ಟದಲ್ಲಿ ಒಳ್ಳೆಯದು, ಸ್ಥಿರಾಂಕ 24. ಆದರೆ ಬಿಸಿ ಮಾಡಿ ತಣ್ಣಗಾಗಿಸಿದಾಗ ಒಳಗಿನ ಹರಳು ಅವಳಿ ಹೋಳುಗಳಾಗಿ ಮಡಚಿಕೊಳ್ಳುತ್ತದೆ. ಸ್ಥಿರಾಂಕ ಜಾಗದಿಂದ ಜಾಗಕ್ಕೆ ಚೂರು ಬದಲಾಗಿ ಫಿಲ್ಟರಿನ ಶ್ರುತಿ ತಪ್ಪುತ್ತದೆ. ಮೆಗ್ನೀಷಿಯಂ ಆಕ್ಸೈಡ್‌ನದು 10ರ ಆಸುಪಾಸು, ಎಲ್ಲ ಕಡೆಯೂ ಒಂದೇ ಸಮ. ಅದರ ಅಣುಗಳ ಅಂತರ ಮಾತ್ರ ವೈಬಿಸಿಓಗೆ ಅಷ್ಟು ಹೊಂದುವುದಿಲ್ಲ, ತೇವ ತಾಗಿದರೆ ಮೇಲ್ಮೈಯೂ ಕೆಡುತ್ತದೆ. ನೀಲಮಣಿಯ ನಷ್ಟ ಎಲ್ಲಕ್ಕಿಂತ ಕಡಿಮೆ, ದೊಡ್ಡ ಬಿಲ್ಲೆಗಳೂ ಸಿಗುತ್ತವೆ. ಆದರೆ ಅದರ ಅಲ್ಯೂಮಿನಿಯಂ ಪದರಕ್ಕೆ ನುಸುಳುತ್ತದೆ. ನಡುವೆ ಸೀರಿಯಂ ಆಕ್ಸೈಡಿನ ತಡೆಪದರ ಹಾಕಬೇಕು. ಮೇಲಾಗಿ ನೀಲಮಣಿ ವೈಬಿಸಿಓಗಿಂತ ಕಡಿಮೆ ಕುಗ್ಗುವುದರಿಂದ ಪದರ 300 ನ್ಯಾನೋಮೀಟರ್ ಸುಮಾರಿಗಿಂತ ದಪ್ಪವಾದರೆ ಬಿರುಕು ಬಿಡುತ್ತದೆ. ಕರೆಂಟು ಇಳಿಯುವ ಆಳವೇ ಹೆಚ್ಚುಕಡಿಮೆ ಅಷ್ಟಿರುವಾಗ ಇದು ಸಣ್ಣ ತೊಡಕಲ್ಲ.

ಬೆಳೆಸುವ ವಿಧಾನಗಳೂ ಹಲವು. ಬೆಲ್‌ಕೋರ್ ಪ್ರಯೋಗಾಲಯದಲ್ಲಿ ವೆಂಕಟೇಶನ್ ಮತ್ತು ಸಂಗಡಿಗರು 1987ರಲ್ಲೇ ವೈಬಿಸಿಓ ಬಿಲ್ಲೆಗೆ ಲೇಸರ್ ಮಿಂಚು ಹೊಡೆದು, ಎದ್ದ ಆವಿಯನ್ನು ಎದುರಿನ ಬಿಸಿ ಹರಳಿನ ಮೇಲೆ ಕೂರಿಸಿದರು. ಮೂರು ಲೋಹಗಳ ಪ್ರಮಾಣ ಮೂಲದಲ್ಲಿದ್ದಂತೆಯೇ ಪದರಕ್ಕೂ ಇಳಿಯುವುದು ಈ ವಿಧಾನದ ದೊಡ್ಡ ಗುಣ. ಸಂಶೋಧನೆಗೆ ಇದು ಇಂದಿಗೂ ಅಚ್ಚುಮೆಚ್ಚು. ಆದರೆ ದೊಡ್ಡ ಬಿಲ್ಲೆಯ ಉದ್ದಗಲಕ್ಕೂ ಒಂದೇ ದಪ್ಪ ತರುವುದು ಕಷ್ಟ, ಪದರದ ಮೇಲೆ ಸಣ್ಣ ಹನಿಗಳೂ ಸಿಡಿಯುತ್ತವೆ. ಕಾರ್ಖಾನೆಯ ದೃಷ್ಟಿಯಿಂದ ನನಗೆ ಹೆಚ್ಚು ಜಾಣತನದ್ದು ಎನಿಸುವುದು ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೆಲ್ಮುಟ್ ಕಿಂಡರ್ ತಂಡ ಬೆಳೆಸಿದ ದಾರಿ. ಇಟ್ರಿಯಂ, ಬೇರಿಯಂ, ತಾಮ್ರವನ್ನು ನಿರ್ವಾತದಲ್ಲಿ ಬೇರೆ ಬೇರೆಯಾಗಿ ಆವಿ ಮಾಡುತ್ತಾರೆ. ಆವಿಗೆ ನಿರ್ವಾತ ಬೇಕು, ಹರಳು ಬೆಳೆಯಲು ಆಮ್ಲಜನಕ ಬೇಕು. ಈ ಎರಡೂ ಒಂದೇ ಜಾಗದಲ್ಲಿ ಇರಲಾರವು. ಅದಕ್ಕೆ ಬಿಲ್ಲೆಗಳನ್ನು ಗಿರಗಿರನೆ ತಿರುಗುವ ತಟ್ಟೆಯ ಮೇಲೆ ಇಟ್ಟರು. ತಟ್ಟೆಯ ಒಂದು ಭಾಗ ಆಮ್ಲಜನಕ ತುಂಬಿದ ಕಿರಿದಾದ ಗೂಡಿನೊಳಗೆ ಹಾದುಹೋಗುತ್ತದೆ, ಉಳಿದ ಭಾಗ ಆವಿಗೆ ತೆರೆದಿರುತ್ತದೆ. ಪ್ರತಿ ಸುತ್ತಿಗೂ ಲೋಹದ ತೀರಾ ತೆಳ್ಳನೆಯ ಲೇಪ ಕೂರುತ್ತದೆ, ಮರುಕ್ಷಣ ಆಮ್ಲಜನಕ ಸೇರುತ್ತದೆ. ಹಲವು ಬಿಲ್ಲೆಗಳನ್ನು ಒಟ್ಟಿಗೆ ಮಾಡಬಹುದು. ಈ ವಿದ್ಯೆಯಿಂದಲೇ ಮ್ಯೂನಿಕ್ ಬಳಿ ಥೇವಾ ಎಂಬ ಕಂಪನಿ ಹುಟ್ಟಿತು.

ಬೆಳೆದ ಪದರ ಇನ್ನೂ ಅತಿವಾಹಕವಾಗಿರುವುದಿಲ್ಲ. ಅದರಲ್ಲಿ ಆಮ್ಲಜನಕ ಸಾಲದು. 400ರಿಂದ 500 ಡಿಗ್ರಿಯಲ್ಲಿ, ಆಮ್ಲಜನಕದ ಗಾಳಿಯಲ್ಲಿ ಇಟ್ಟರೆ ಅದು ಹರಳಿನೊಳಕ್ಕೆ ಇಳಿದು ಸರಪಣಿಯಂತೆ ಕೂರುತ್ತದೆ. ಆಮೇಲೆ ಬಿಲ್ಲೆಯ ಇನ್ನೊಂದು ಬದಿಗೂ ಇಷ್ಟೇ ಚೊಕ್ಕ ಪದರ ಬೇಕು. ಮೈಕ್ರೋವೇವ್ ಪಟ್ಟಿಗೆ ಹಿಂದುಗಡೆ ನೆಲದಂತೆ ಒಂದು ವಾಹಕ ಇರಲೇಬೇಕು, ಅದು ತಾಮ್ರವಾದರೆ ಗಳಿಸಿದ ಕ್ಯೂ ಬಹುಪಾಲು ಹೋದಂತೆ. ಎರಡನೇ ಬದಿ ಬೆಳೆಸುವಾಗ ಮೊದಲನೆಯದು ಮತ್ತೆ 700 ಡಿಗ್ರಿ ಕಾಣಬೇಕು, ಕೆಡಬಾರದು.

ನಂತರ ಬೆಳಕಿನ ಅಚ್ಚಿನಿಂದ ವಿನ್ಯಾಸ ಬಿಡಿಸಿ, ಆರ್ಗಾನ್ ಅಯಾನುಗಳಿಂದ ಬೇಡದ ಭಾಗ ಕೊರೆಯುತ್ತಾರೆ. ಮೈಕ್ರೋವೇವ್ ಕರೆಂಟು ಪಟ್ಟಿಯ ಎರಡು ಅಂಚುಗಳಿಗೇ ಮುತ್ತಿಕೊಳ್ಳುತ್ತದೆ. ಕೊರೆಯುವಾಗ ಹಾಳಾಗುವುದೂ ಅಂಚೇ. ಅಲ್ಲಿ ಕರೆಂಟು ಮಿತಿ ಮೀರಿದರೆ ರೋಧ ಏರುತ್ತದೆ, ಎರಡು ಜೋರು ಸಿಗ್ನಲ್ ಬೆರೆತು ಇಲ್ಲದ ಮೂರನೇ ಸಿಗ್ನಲ್ ಹುಟ್ಟುತ್ತದೆ. ಅತಿವಾಹಕ ಫಿಲ್ಟರುಗಳು ಹೆಚ್ಚಾಗಿ ಕೇಳುವ ಬದಿಯಲ್ಲೇ ಉಳಿದು, ಹತ್ತಾರು ವ್ಯಾಟ್ ಹರಿಯುವ ಕಳಿಸುವ ಬದಿಗೆ ಹೋಗದಿರಲು ಇದೇ ಕಾರಣ.

ಮಾರುವವನೂ ಕೊಳ್ಳುವವನೂ ಒಪ್ಪುವ ಅಳತೆ ಬೇಡವೇ? ನೀಲಮಣಿಯ ಚಿಕ್ಕ ಕಂಬವನ್ನು ಎರಡು ಪದರಗಳ ನಡುವೆ ಇಟ್ಟು, ಅದರ ಅನುರಣನ ಎಷ್ಟು ಚೂಪಾಗಿದೆ ಎಂದು ನೋಡಿ ಮೇಲ್ಮೈ ರೋಧ ಲೆಕ್ಕ ಹಾಕುವ ವಿಧಾನವನ್ನು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಕಮಿಷನ್ ಮಾನಕವನ್ನಾಗಿ ಮಾಡಿತು. ಸದ್ದಿಲ್ಲದ ಕೆಲಸ ಇದು. ಆದರೆ ಇಂಥದ್ದಿಲ್ಲದೆ ಯಾವ ಹೊಸ ವಸ್ತುವೂ ಸರಕಾಗುವುದಿಲ್ಲ.

ಟವರಿನಲ್ಲಿ ಏನಾಯಿತು

1990ರ ದಶಕದ ಕೊನೆಗೆ ಎಲ್ಲವೂ ಕೂಡಿಬಂದಂತೆ ಕಂಡಿತು. ಪದರಗಳು ಚೆನ್ನಾಗಿದ್ದವು. 1999ರ ಫೆಬ್ರವರಿಯಲ್ಲಿ ಅಮೆರಿಕದ ನೌಕಾ ಸಂಶೋಧನಾ ಪ್ರಯೋಗಾಲಯದ ಅತಿವಾಹಕ ಮೈಕ್ರೋವೇವ್ ಪ್ರಯೋಗ ಆರ್ಗೋಸ್ ಉಪಗ್ರಹದಲ್ಲಿ ಆಕಾಶಕ್ಕೆ ಏರಿತು. ಅಮೆರಿಕದ ಟವರುಗಳಲ್ಲಿ ಅತಿವಾಹಕ ಫಿಲ್ಟರ್ ಪೆಟ್ಟಿಗೆಗಳು ಕೂತವು. ಮುಂದೆ ಅವುಗಳ ಸಂಖ್ಯೆ ಸಾವಿರಗಳಿಗೆ ಏರಿತು. ಒಳಗೆ ಅನಿಲವನ್ನು ಒತ್ತಿ ಹಿಗ್ಗಿಸಿ ತಣ್ಣಗಾಗಿಸುವ ಸ್ಟರ್ಲಿಂಗ್ ಕೂಲರ್, ನಿರ್ವಾತದ ಪುಟ್ಟ ಕೋಣೆ, ಫಿಲ್ಟರ್, ಆಂಪ್ಲಿಫೈಯರ್. ದ್ರವ ನೈಟ್ರೋಜನ್ ತುಂಬುವ ರಗಳೆ ಇಲ್ಲ. ವಿದ್ಯುತ್ ಕೊಟ್ಟರೆ ಸಾಕು, ತಾನೇ ತಣ್ಣಗಾಗುತ್ತದೆ. ಆ ಕೂಲರುಗಳು ವರ್ಷಗಟ್ಟಲೆ ಯಾರೂ ಮುಟ್ಟದೆ ಓಡಿದವು. ಎಂಜಿನಿಯರಿಂಗ್ ದೃಷ್ಟಿಯಿಂದ ಇದು ನಿಜವಾದ ಸಾಧನೆ. ಯಾರೂ ಇದನ್ನು ಸೋಲು ಎನ್ನಬಾರದು.

ಆದರೂ ಇದು ಎಲ್ಲ ಟವರಿಗೂ ಹೋಗಲಿಲ್ಲ. 2001ರ ಸುಮಾರಿಗೆ ಟೆಲಿಕಾಂ ಕಂಪನಿಗಳ ಹೂಡಿಕೆ ಕುಸಿಯಿತು. 2002ರಲ್ಲಿ ಸೂಪರ್‌ಕಂಡಕ್ಟರ್ ಟೆಕ್ನಾಲಜೀಸ್ ತನ್ನ ಪ್ರತಿಸ್ಪರ್ಧಿ ಕಂಡಕ್ಟಸ್ ಕಂಪನಿಯನ್ನು ಕೊಂಡುಕೊಂಡಿತು. ಹಣದ ಕಾಲ ಸರಿಯಿದ್ದಿದ್ದರೂ ಕಷ್ಟ ಇದ್ದೇ ಇರುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಟವರಿನ ಮಾಲೀಕನಿಗೆ ಫಿಲ್ಟರಿನ ಕ್ಯೂ ಬೇಕಿಲ್ಲ, ಕಾಲ್ ಕಡಿಯದಿದ್ದರೆ ಸಾಕು. ಅದಕ್ಕೆ ಅವನ ಬಳಿ ಬೇರೆ ದಾರಿಗಳಿದ್ದವು. ಆಂಪ್ಲಿಫೈಯರನ್ನು ಟವರಿನ ತುದಿಗೇ ಏರಿಸಿದರೆ ಕೇಬಲ್ಲಿನ ನಷ್ಟ ತಪ್ಪುತ್ತದೆ. ಪಿಂಗಾಣಿ ಅನುರಣಕಗಳ ಫಿಲ್ಟರುಗಳು ತಂಪಿಲ್ಲದೆಯೇ ಒಳ್ಳೆಯ ಕ್ಯೂ ಕೊಡತೊಡಗಿದವು. ತೀರಾ ಬೇಕಾದರೆ ಇನ್ನೊಂದು ಟವರ್ ಹಾಕಬಹುದು. ಅತಿವಾಹಕ ಪೆಟ್ಟಿಗೆ ನಿಜಕ್ಕೂ ಲಾಭ ಕೊಟ್ಟದ್ದು ಪಕ್ಕದ ಪಟ್ಟಿಯಿಂದ ವಿಪರೀತ ಕಾಟವಿದ್ದ ಕಡೆ, ಟವರುಗಳ ಅಂತರ ಜಾಸ್ತಿ ಇದ್ದ ಕಡೆ. ಅಂಥ ಜಾಗಗಳು ಲೆಕ್ಕಕ್ಕೆ ಸಿಗುವಷ್ಟೇ.

5ಜಿ ಬಂದ ಮೇಲೆ ಬಾಗಿಲು ಇನ್ನಷ್ಟು ಕಿರಿದಾಯಿತು. ಹಿಂದೆ ಒಂದು ಟವರಿಗೆ ಕೆಲವೇ ಕೇಳುವ ದಾರಿಗಳಿದ್ದವು, ಅವನ್ನೆಲ್ಲ ಒಂದು ತಂಪು ಪೆಟ್ಟಿಗೆಯಲ್ಲಿ ಸೇರಿಸಬಹುದಿತ್ತು. ಈಗಿನ ಆಂಟೆನಾ ಫಲಕಗಳಲ್ಲಿ ಮೂವತ್ತೆರಡು, ಅರವತ್ತನಾಲ್ಕು ದಾರಿಗಳಿವೆ. ಪ್ರತಿಯೊಂದಕ್ಕೂ ಅಗ್ಗದ ಪುಟ್ಟ ಫಿಲ್ಟರ್ ಬೇಕು. ಅಷ್ಟನ್ನೂ 77 ಕೆಲ್ವಿನ್‌ಗೆ ಇಳಿಸಿದರೆ ಪ್ರತಿ ಕೇಬಲ್ಲಿನಿಂದಲೂ ಬಿಸಿ ಒಳನುಗ್ಗುತ್ತದೆ.

ತಂಪು ಮೊದಲೇ ಇರುವ ಕಡೆ

ರೇಡಿಯೋ ದೂರದರ್ಶಕಗಳ ರಿಸೀವರುಗಳನ್ನು ಗದ್ದಲ ಇಳಿಸಲು ಹೇಗೂ 15ರಿಂದ 20 ಕೆಲ್ವಿನ್‌ಗೆ ತಣ್ಣಗಾಗಿಸುತ್ತಾರೆ. ಅಲ್ಲಿಗೆ ಒಂದು ಅತಿವಾಹಕ ಫಿಲ್ಟರ್ ಸೇರಿಸುವ ಹೆಚ್ಚುವರಿ ಖರ್ಚು ಅಲ್ಪ. ಮೊಬೈಲ್ ಮತ್ತು ಉಪಗ್ರಹಗಳ ಕಾಟವನ್ನು ಆಂಪ್ಲಿಫೈಯರಿಗೆ ತಲುಪುವ ಮೊದಲೇ ತಡೆಯಬಹುದು. ಅಣುಗಳ ರಚನೆ ತಿಳಿಯುವ ಎನ್‌ಎಂಆರ್ ಯಂತ್ರಗಳಲ್ಲೂ ಹಾಗೆಯೇ. ಅದರ ಅಯಸ್ಕಾಂತ ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ, ತಂಪಿನ ಖರ್ಚು ಅಲ್ಲಿನವರಿಗೆ ಹೊಸತಲ್ಲ. ತೀರಾ ಚಿಕ್ಕ ಮಾದರಿಯ ಸಿಗ್ನಲ್ ಹಿಡಿಯಲು ವೈಬಿಸಿಓ ಪದರದ ಸುರುಳಿ ಬಳಸುತ್ತಾರೆ. ಚಿಲಿಯ ಆಲ್ಮಾ ದೂರದರ್ಶಕದ 66 ಆಂಟೆನಾಗಳಲ್ಲಿ 4 ಕೆಲ್ವಿನ್ ತಂಪಿನಲ್ಲಿ ನಿಯೋಬಿಯಂ ಪದರದ ಮಿಕ್ಸರುಗಳು, ಅಂದರೆ ಬಂದ ಸಿಗ್ನಲ್ಲನ್ನು ಕಡಿಮೆ ಫ್ರೀಕ್ವೆನ್ಸಿಗೆ ಇಳಿಸುವ ಭಾಗಗಳು, ಕೆಲಸ ಮಾಡುತ್ತಿವೆ. ನಿಯೋಬಿಯಂ ಅತಿವಾಹಕವಾಗುವುದು 9.2 ಕೆಲ್ವಿನ್ ಕೆಳಗೆ, ಆದರೆ ಪದರ ಬೆಳೆಸುವುದು ವೈಬಿಸಿಓಗೆ ಹೋಲಿಸಿದರೆ ಸಲೀಸು.

ಈ ಮಾತಿಗೆ ದೊಡ್ಡ ಉದಾಹರಣೆ ಕ್ವಾಂಟಂ ಕಂಪ್ಯೂಟರ್. ಅದರಲ್ಲಿ ಮಾಹಿತಿಯ ಮೂಲ ಘಟಕ ಕ್ಯೂಬಿಟ್. ಅತಿವಾಹಕ ಕ್ಯೂಬಿಟ್ ಎಂದರೆ ಸುಮಾರು 5 ಗಿಗಾಹರ್ಟ್ಸ್‌ನಲ್ಲಿ ಮಿಡಿಯುವ ಒಂದು ಮೈಕ್ರೋವೇವ್ ಅನುರಣಕ, ನಡುವೆ ಜೋಸೆಫ್ಸನ್ ಸಂಧಿ, ಅಂದರೆ ಎರಡು ಅತಿವಾಹಕಗಳ ನಡುವೆ ತೀರಾ ತೆಳ್ಳನೆಯ ನಿರೋಧಕ ಪದರ. ಆ ಫ್ರೀಕ್ವೆನ್ಸಿಯ ಒಂದು ಫೋಟಾನಿನ ಶಕ್ತಿ 0.24 ಕೆಲ್ವಿನ್ ತಾಪಕ್ಕೆ ಸಮ. ಸುತ್ತಲಿನ ತಾಪ ಅದಕ್ಕಿಂತ ಬಹಳ ಕೆಳಗಿರದಿದ್ದರೆ ಬಿಸಿಯಿಂದ ಹುಟ್ಟಿದ ಫೋಟಾನುಗಳೇ ಕ್ಯೂಬಿಟ್ಟನ್ನು ಕದಡುತ್ತವೆ. ಆದ್ದರಿಂದ ಚಿಪ್ಪನ್ನು 10ರಿಂದ 20 ಮಿಲಿಕೆಲ್ವಿನ್‌ನಲ್ಲಿ ಇಡುತ್ತಾರೆ. ಕ್ವಾಂಟಂ ಕೆಲಸಕ್ಕೇ ಅಷ್ಟು ತಂಪು ಬೇಕಾದಾಗ ಅತಿವಾಹಕತೆ ಪುಕ್ಕಟೆಯಾಗಿ ಸಿಕ್ಕಂತೆ. 1980ರ ದಶಕದಲ್ಲಿ ಇಂಥ ಸರ್ಕ್ಯೂಟುಗಳ ಕ್ವಾಂಟಂ ವರ್ತನೆ ತೋರಿಸಿದ ಜಾನ್ ಕ್ಲಾರ್ಕ್, ಮಿಷೆಲ್ ಡೆವೊರೆ, ಜಾನ್ ಮಾರ್ಟಿನಿಸ್ ಅವರಿಗೆ 2025ರ ಭೌತವಿಜ್ಞಾನ ನೊಬೆಲ್ ಬಂತು.

ಹಾಗಾದರೆ ಅಲ್ಲಿ ವೈಬಿಸಿಓ ಯಾಕಿಲ್ಲ? ಅಲ್ಯೂಮಿನಿಯಂ, ನಿಯೋಬಿಯಂಗಳಲ್ಲಿ ತಾಪ ಇಳಿದಂತೆ ಒಂಟಿ ಎಲೆಕ್ಟ್ರಾನುಗಳು ತೀರಾ ವೇಗವಾಗಿ ಕರಗುತ್ತವೆ. ವೈಬಿಸಿಓದಲ್ಲಿ ಕೆಲವು ದಿಕ್ಕುಗಳಲ್ಲಿ ಜೋಡಿ ಒಡೆಯಲು ಶಕ್ತಿಯೇ ಬೇಕಾಗುವುದಿಲ್ಲ, ಹಾಗಾಗಿ ಎಷ್ಟು ತಣ್ಣಗಾಗಿಸಿದರೂ ಒಂದಿಷ್ಟು ನಷ್ಟ ಉಳಿದೇ ಉಳಿಯುತ್ತದೆ. ಕ್ಯೂಬಿಟ್‌ಗೆ ಆ ಒಂದಿಷ್ಟೂ ಹೆಚ್ಚು. ಅಲ್ಲಿ ಪದರದವರ ತಲೆನೋವು ಬೇರೆ: ಲೋಹದ ಮೇಲೆ ತಾನಾಗಿ ಹುಟ್ಟುವ ಕೆಲವು ನ್ಯಾನೋಮೀಟರ್ ಆಕ್ಸೈಡ್. ಅದರೊಳಗಿನ ಅಣುಗಳು ಆ ಕಡೆ ಈ ಕಡೆ ಹೊರಳುತ್ತಾ ಮೈಕ್ರೋವೇವ್ ನುಂಗುತ್ತವೆ. 2021ರಲ್ಲಿ ಪ್ರಿನ್ಸ್‌ಟನ್ ತಂಡ ನಿಯೋಬಿಯಂ ಬದಲು ನೀಲಮಣಿಯ ಮೇಲೆ ಟ್ಯಾಂಟಲಂ ಪದರ ಬಳಸಿ ಕ್ಯೂಬಿಟ್ಟಿನ ಆಯುಷ್ಯವನ್ನು 0.3 ಮಿಲಿಸೆಕೆಂಡ್ ದಾಟಿಸಿತು. ಮಾಡಿದ್ದು ಮುಖ್ಯವಾಗಿ ವಸ್ತುವಿನ ಬದಲಾವಣೆ. ಪದರದ ರಸಾಯನ ಎಷ್ಟು ಮುಖ್ಯ ಎಂದು ತಿಳಿಯಲು ಇದೊಂದೇ ಸಾಕು.

ಇತ್ತ ವೈಬಿಸಿಓ ಪದರದವರು ಬೇರೆ ದಾರಿ ಹಿಡಿದರು. ಥೇವಾ, ಸೂಪರ್‌ಕಂಡಕ್ಟರ್ ಟೆಕ್ನಾಲಜೀಸ್ ಎರಡೂ ತಮ್ಮ ಪದರ ವಿದ್ಯೆಯನ್ನು ಲೋಹದ ಉದ್ದನೆಯ ಪಟ್ಟಿಗಳತ್ತ ತಿರುಗಿಸಿದವು. ಬಾಗುವ ಲೋಹದ ಮೇಲೆ ಹರಳಿನ ದಿಕ್ಕು ಸರಿಪಡಿಸುವ ಪದರ, ಅದರ ಮೇಲೆ ಒಂದೆರಡು ಮೈಕ್ರೋಮೀಟರ್ ಅತಿವಾಹಕ. ಮೈಕ್ರೋವೇವ್ ಬಿಲ್ಲೆಗಾಗಿ ಕಲಿತದ್ದು ಕಿಲೋಮೀಟರುಗಟ್ಟಲೆ ಟೇಪಿಗೆ ಬಂತು. 2021ರ ಸೆಪ್ಟೆಂಬರಿನಲ್ಲಿ ಎಂಐಟಿ ಮತ್ತು ಕಾಮನ್‌ವೆಲ್ತ್ ಫ್ಯೂಷನ್ ಸಿಸ್ಟಮ್ಸ್ ಸೇರಿ 20 ಟೆಸ್ಲಾ ಕಾಂತಕ್ಷೇತ್ರ ಮುಟ್ಟಿಸಿದ ಅಯಸ್ಕಾಂತದಲ್ಲಿ ಇಂಥ ಟೇಪು 267 ಕಿಲೋಮೀಟರ್ ಇತ್ತು.

ಆ ಟೇಪು ಈಗ ಮೈಕ್ರೋವೇವ್‌ಗೆ ಮರಳಿ ಬರುತ್ತಿದೆ. ಯುರೋಪಿನ ಕಣಭೌತ ಪ್ರಯೋಗಾಲಯ ಸೆರ್ನ್ ಯೋಚಿಸುತ್ತಿರುವ ಮುಂದಿನ ದೊಡ್ಡ ಪ್ರೋಟಾನ್ ವೇಗವರ್ಧಕದಲ್ಲಿ ಕಿರಣ ಸಾಗುವ ಕೊಳವೆಯ ಒಳಗೋಡೆ 50 ಕೆಲ್ವಿನ್ ಆಸುಪಾಸಿನಲ್ಲಿ, ಭಾರಿ ಕಾಂತಕ್ಷೇತ್ರದಲ್ಲಿ ಇರಬೇಕು. ಅಲ್ಲಿ ತಾಮ್ರದ ಬದಲು ಈ ಟೇಪಿನ ಪದರ ಹಾಕಿದರೆ ಹೇಗೆ ಎಂದು ಅಳೆದು ನೋಡುತ್ತಿದ್ದಾರೆ. ದಕ್ಷಿಣ ಕೊರಿಯಾದಲ್ಲಿ ಆಕ್ಸಿಯಾನ್ ಎಂಬ, ಇನ್ನೂ ಯಾರೂ ಕಂಡಿರದ ಕಣವನ್ನು ಹುಡುಕುವ ತಂಡ ಕ್ಯಾವಿಟಿಯ (ಮೈಕ್ರೋವೇವ್ ಅನುರಣಿಸುವ ಟೊಳ್ಳು ಡಬ್ಬಿಯ) ಒಳಗೋಡೆಗೆ ವೈಬಿಸಿಓ ಟೇಪು ಅಂಟಿಸಿ, 8 ಟೆಸ್ಲಾ ಕ್ಷೇತ್ರದಲ್ಲೂ ತಾಮ್ರದ ಕ್ಯಾವಿಟಿಗಿಂತ ದೊಡ್ಡ ಕ್ಯೂ ಪಡೆಯಿತು. ಟೇಪು ಕಿರಿದು, ಹಾಗಾಗಿ ಎರಡರ ನಡುವೆ ಸಂದು ಬಂದೇ ಬರುತ್ತದೆ. ಕರೆಂಟು ಆ ಸಂದನ್ನು ಅಡ್ಡ ದಾಟಬೇಕಾದರೆ ಗಳಿಸಿದ್ದೆಲ್ಲ ನಷ್ಟ. ಅದಕ್ಕೆ ಅವರು ಟೇಪುಗಳನ್ನು ಕ್ಯಾವಿಟಿಯ ಉದ್ದಕ್ಕೆ, ಕರೆಂಟು ಹರಿಯುವ ದಿಕ್ಕಿಗೇ ಜೋಡಿಸಿದರು.